ಆಡಗೊಡದ ಆಟ

ಮ್ಯಾಜಿಕ್ ದ ಗ್ಯಾದರಿಂಗ್ ಆಡುವವರಲ್ಲಿ ಒಂದು ವಿಚಿತ್ರ ಶಿಷ್ಟಾಚಾರವಿದೆ. ನಾಲ್ಕನೆಯ ಸರದಿಗೇ ಎದುರಾಳಿಯನ್ನು ಸುಟ್ಟು ಬೂದಿ ಮಾಡಿದರೆ 'ಚೆನ್ನಾಗಿ ಆಡಿದ್ರಿ' ಎಂದು ಕೈಕುಲುಕುತ್ತಾರೆ. ಅದೇ ಎದುರಾಳಿಯನ್ನು ಇಪ್ಪತ್ತು ಸರದಿ ಬದುಕಗೊಟ್ಟು, ಮೈಮೇಲೆ ಒಂದು ಗೀರೂ ಹಾಕದೆ, ಕೊನೆಗೆ ಎತ್ತಲು ಎಲೆಯೇ ಇಲ್ಲದ ಹಾಗೆ ಮಾಡಿ ಗೆದ್ದರೆ ಯಾರೂ ಕೈಕುಲುಕುವುದಿಲ್ಲ. ಎಲೆಗಳನ್ನು ಬಾಚಿಕೊಂಡು ನೀರು ಕುಡಿಯಲು ಎದ್ದುಹೋಗುತ್ತಾರೆ. ನನ್ನೆದುರು ಕೂತವರು ಹೆಚ್ಚಾಗಿ ನೀರು ಕುಡಿಯಲು ಹೋಗುತ್ತಾರೆ. ಶುಕ್ರವಾರ ಸಂಜೆ ನಾವೆಲ್ಲ ಸೇರುವ ದಕ್ಷಿಣ ಬೆಂಗಳೂರಿನ ಅಂಗಡಿಯಲ್ಲಿ ನೀರಿನ ಕ್ಯಾನ್ ಬೇಗ ಖಾಲಿಯಾಗುವುದಕ್ಕೆ ನಾನೇ ಕಾರಣ ಎಂದು ಮಾಲೀಕರ ತಮಾಷೆ. ತಮಾಷೆಯೇ ಇರಬೇಕು.

ನಾನು ಮದುವೆಮನೆಗಳ ಜಮಖಾನದ ಮೇಲೆ ರಮ್ಮಿ ಆಡಿ ಬೆಳೆದವನು. ಐವತ್ತು ದಾಟಿದ ಮೇಲೆ ಈ ಆಟಕ್ಕೆ ನನ್ನನ್ನು ಎಳೆದುತಂದವನು ಅಕ್ಕನ ಮಗ. ಕಾಲೇಜು ಮುಗಿಸಿ ಸಾಫ್ಟ್‌ವೇರ್ ಕಂಪನಿಗೆ ಸೇರಿದ ಹುಡುಗ, ಮಾಮನಿಗೂ ಒಂದು ಹವ್ಯಾಸ ಇರಲಿ ಎಂಬ ಕರುಣೆಯಿಂದ ಕಲಿಸಿದ. ಕಲಿಸಿದ್ದಕ್ಕೆ ಈಗ ಅವನಿಗೆ ಪಶ್ಚಾತ್ತಾಪವಿದೆ. "ಮಾಮ, ನಿಮ್ಮ ಡೆಕ್ ಅನ್ಯಾಯ" ಎಂಬ ಮಾತನ್ನು ಮೊದಲು ಆಡಿದವನೂ ಅವನೇ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ 1993ರಲ್ಲಿ ಹೊರತಂದ ಆಟ ಇದು. ಇಸ್ಪೀಟಿನ ಹಾಗೆ ಇಬ್ಬರಿಗೂ ಒಂದೇ ಕಟ್ಟು ಇರುವುದಿಲ್ಲ. ಸಾವಿರಾರು ಬಗೆಯ ಎಲೆಗಳಿಂದ ಆಯ್ದು, ಪ್ರತಿಯೊಬ್ಬರೂ ಕನಿಷ್ಠ 60 ಎಲೆಗಳ ತಮ್ಮದೇ ಡೆಕ್ ಕಟ್ಟಿಕೊಂಡು ಬರಬೇಕು. ಒಂದೇ ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಶಕ್ತಿ ಕೊಡುವ ಸಾಧಾರಣ ಭೂಮಿಯ ಎಲೆಗಳಿಗೆ ಮಾತ್ರ ರಿಯಾಯಿತಿ. ಇಬ್ಬರಿಗೂ 20 ಪ್ರಾಣ. ಸರದಿಗೊಂದು ಎಲೆ ಎತ್ತುವುದು, ಪ್ರಾಣಿಗಳನ್ನು ಕಳಿಸಿ ಹೊಡೆಸುವುದು, ಮಂತ್ರ ಹಾಕಿ ಸುಡುವುದು. ಪ್ರಾಣ ಸೊನ್ನೆಯಾದವರು ಸೋತರು. ಇದಲ್ಲದೆ ಸೋಲಿಗೆ ಇನ್ನೊಂದು ದಾರಿಯೂ ಮೊದಲಿನಿಂದ ನಿಯಮದಲ್ಲೇ ಇದೆ: ಎಲೆ ಎತ್ತಬೇಕಾದಾಗ ಕಟ್ಟು ಬರಿದಾಗಿದ್ದರೂ ಸೋಲೇ. ಬಹಳ ಜನ ಈ ಎರಡನೆಯ ದಾರಿಯನ್ನು ಮನೆಯ ಹಿತ್ತಿಲ ಬಾಗಿಲಿನಂತೆ ಮರೆತೇಬಿಟ್ಟಿರುತ್ತಾರೆ. ನಾನು ಬರುವುದು ಅಲ್ಲಿಂದ.

ನನ್ನ ಡೆಕ್ಕಿಗೆ ಲ್ಯಾಂಟರ್ನ್ ಕಂಟ್ರೋಲ್ ಎಂದು ಹೆಸರು. ಹೆಸರು ಬಂದದ್ದು ಲ್ಯಾಂಟರ್ನ್ ಆಫ್ ಇನ್‌ಸೈಟ್ ಎಂಬ, 2004ರಲ್ಲಿ ಅಚ್ಚಾದ ಒಂದು ಬಡಪಾಯಿ ಎಲೆಯಿಂದ. ಈ ಲಾಂದ್ರ ಮೇಜಿನ ಮೇಲಿದ್ದರೆ ಇಬ್ಬರ ಕಟ್ಟಿನ ಮೇಲಿನ ಎಲೆಯೂ ಮುಖ ತೋರಿಸಿಕೊಂಡು ಕೂತಿರಬೇಕು. ಅಷ್ಟೇ. ಮುಂದಿನ ಸರದಿಯಲ್ಲಿ ನಿಮಗೆ ಏನು ಸಿಗುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಅಚ್ಚಾದ ಕಾಲಕ್ಕೆ ಇದರಿಂದ ಏನು ಪ್ರಯೋಜನ ಎಂದು ಕೇಳಿದವರೇ ಹೆಚ್ಚಿರಬೇಕು. ಆಮೇಲೆ 2012ರಲ್ಲಿ ಕೋಡೆಕ್ಸ್ ಶ್ರೆಡ್ಡರ್ ಬಂತು. ಅದನ್ನು ಅಡ್ಡ ತಿರುಗಿಸಿದರೆ ಯಾರ ಕಟ್ಟಿನ ಮೇಲಿಂದ ಬೇಕಾದರೂ ಒಂದು ಎಲೆ ಗ್ರೇವ್‌ಯಾರ್ಡಿಗೆ, ಅಂದರೆ ಆಟಗಾರರ ಮಸಣಕ್ಕೆ, ಹೋಗುತ್ತದೆ. ಅದಕ್ಕೂ ಒಂದು ವರ್ಷ ಮುಂಚಿನ ಗೂಲ್‌ಕಾಲರ್ಸ್ ಬೆಲ್ ಎಂಬ ಗಂಟೆಗೂ ಹೆಚ್ಚುಕಡಿಮೆ ಇದೇ ಕೆಲಸ. ಬಾರಿಸಿದರೆ ಇಬ್ಬರದೂ ಒಂದೊಂದು ಎಲೆ ಹೋಗುತ್ತದೆ. ಲಾಂದ್ರದ ಬೆಳಕಿನಲ್ಲಿ ನಿಮ್ಮ ಮೇಲಿನ ಎಲೆ ಅಪಾಯದ್ದೆಂದು ಕಂಡಿತೋ, ಶ್ರೆಡ್ಡರ್ ತಿರುಗಿಸುತ್ತೇನೆ. ಅದರಡಿಯದೂ ಅಪಾಯದ್ದೋ, ಗಂಟೆ ಬಾರಿಸುತ್ತೇನೆ. ಇಂಥ ಯಂತ್ರ ಮೂರು ಸೇರಿದ ಮೇಲೆ ನಾನು ಒಪ್ಪಿದ ಎಲೆ ಮಾತ್ರ ನಿಮ್ಮ ಕೈಗೆ ಬರುತ್ತದೆ. ನಿಮಗೆ ಬೇಡದ ಆರನೆಯ ಭೂಮಿ, ಏಳನೆಯ ಭೂಮಿ, ಎಂಟನೆಯ ಭೂಮಿ.

ಹಾಗಾದರೆ ಆಗಲೇ ಮೇಜಿನ ಮೇಲಿರುವ ಪ್ರಾಣಿಗಳ ಗತಿ? ಅದಕ್ಕೆ ಎನ್‌ಸ್ನೇರಿಂಗ್ ಬ್ರಿಜ್ ಇದೆ. ನನ್ನ ಕೈಯಲ್ಲಿ ಎಷ್ಟು ಎಲೆಯಿದೆಯೋ ಅದಕ್ಕಿಂತ ಹೆಚ್ಚು ಬಲವುಳ್ಳ ಪ್ರಾಣಿ ದಾಳಿ ಮಾಡುವಂತಿಲ್ಲ. ನಾನು ಕೈ ಬರಿದು ಮಾಡಿಕೊಂಡು ಕೂರುತ್ತೇನೆ. ಬರಿಗೈಯವನನ್ನು ಮುಟ್ಟಲು ಹದಿನೈದು ಬಲದ ರಾಕ್ಷಸನಿಂದಲೂ ಆಗುವುದಿಲ್ಲ. ಈ ಎಲೆಯ ತರ್ಕ ನನಗೆ ಬಹಳ ಹಿಡಿಸಿತು. ನಮ್ಮ ಮಠಗಳ ಸ್ವಾಮಿಗಳು ಯಾರಾದರೂ ಬರೆದ ಹಾಗಿದೆ.

ನನ್ನ ಅಳಿಯನದು ಬರ್ನ್ ಡೆಕ್. ಲೈಟ್ನಿಂಗ್ ಬೋಲ್ಟ್ ಎಂಬ ಸಿಡಿಲಿನೆಲೆ ಒಂದಕ್ಕೆ ಮೂರು ಪ್ರಾಣ ಹೋಗುತ್ತದೆ. ಅಂಥವನ್ನೇ ಒಂದರ ಮೇಲೊಂದು ಎಸೆದು ನಾಲ್ಕೈದು ಸರದಿಗೆ ಆಟ ಮುಗಿಸುವುದು ಅವನ ಧರ್ಮ. ಅದನ್ನು ಯಾರೂ ಅನ್ಯಾಯ ಎನ್ನುವುದಿಲ್ಲ. ಎದುರಿನವನು ಎರಡು ಪ್ರಾಣಿ ಇಳಿಸುವುದರೊಳಗೆ ಹೆಣವಾಗಿರುತ್ತಾನೆ, ಆದರೂ ಆಡಿದೆ ಎಂಬ ತೃಪ್ತಿ ಅವನಿಗಿರುತ್ತದೆ. ನನ್ನ ಎದುರು ಕೂತವನು ಅದರ ಐದರಷ್ಟು ಸರದಿ ಆಡುತ್ತಾನೆ, ಆಡಿದೆ ಅಂತ ಮಾತ್ರ ಅನ್ನಿಸುವುದಿಲ್ಲ.

"ನನ್ನ ಎಲೆ, ನನ್ನ ಕಟ್ಟು. ಅದ್ರಲ್ಲಿ ನಾನು ಯಾವುದು ಎತ್ತಬೇಕು ಅಂತ ನೀವು ಹೇಳೋದಾ ಮಾಮ?" ಎಂದು ಅವನು ಒಂದು ಸಂಜೆ ಕೆಳಗಿನ ದರ್ಶಿನಿಯಲ್ಲಿ ಕಾಫಿ ಲೋಟ ಕುಕ್ಕಿದ.

ನಾನು ಇತಿಹಾಸ ತೆಗೆದೆ. ವಾದದಲ್ಲಿ ಸೋಲುವಾಗ ಹಿರಿಯರಿಗೆ ಇರುವ ಅನುಕೂಲ ಅದು. ಈ ಡೆಕ್ಕನ್ನು ಮೊದಲು ಎಲ್ಲರೂ ಚೇಷ್ಟೆ ಎಂದೇ ಎಣಿಸಿದ್ದರು. 2015ರ ಸೆಪ್ಟೆಂಬರಿನಲ್ಲಿ ಒಕ್ಲಹೋಮ ಸಿಟಿಯ ಗ್ರ್ಯಾನ್ ಪ್ರೀಯಲ್ಲಿ ಝ್ಯಾಕ್ ಎಲ್ಸಿಕ್ ಎಂಬಾತ ಇದನ್ನೇ ಹಿಡಿದು ಗೆದ್ದ. 2018ರ ಫೆಬ್ರವರಿಯಲ್ಲಿ ಸ್ಪೇನಿನ ಬಿಲ್ಬಾವೊದಲ್ಲಿ ಪ್ರೊ ಟೂರ್ ನಡೆದಾಗ ಅರ್ಜೆಂಟೀನಾದ ಲೂಯಿಸ್ ಸಾಲ್ವಾಟ್ಟೊ ಫೈನಲಿನಲ್ಲಿ ಜೆರಿ ಥಾಂಪ್ಸನ್‌ರನ್ನು ಸೋಲಿಸಿದ್ದೂ ಇದೇ ಲಾಂದ್ರದಿಂದ. ಇನ್ನು ಇದಕ್ಕೆ ನಿಷೇಧ ಬಿದ್ದೇ ಬೀಳುತ್ತದೆ ಎಂದು ಹಲವರು ಕಾದರು. ಆಟದ ಒಡೆಯರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಅದೇ ತಿಂಗಳು ಹೊರಡಿಸಿದ ಪ್ರಕಟಣೆಯಲ್ಲಿ, ಈ ಡೆಕ್ ನಡೆಯುವ ಮಾಡರ್ನ್ ಎಂಬ ವಿಭಾಗದಲ್ಲಿ, ಒಂದೂ ಎಲೆಯನ್ನು ನಿಷೇಧಿಸಲಿಲ್ಲ; ಬದಲಿಗೆ ಹಿಂದೆ ನಿಷೇಧಿಸಿದ್ದ ಎರಡನ್ನು ಬಿಡುಗಡೆ ಮಾಡಿತು. ಲಾಂದ್ರಕ್ಕೂ ಸೇತುವೆಗೂ ಇವತ್ತಿನವರೆಗೆ ಏನೂ ಆಗಿಲ್ಲ. 2020ರ ಜನವರಿಯಲ್ಲಿ ಈ ಡೆಕ್ಕಿನ ವೇಗಕ್ಕೆ ಆಧಾರವಾಗಿದ್ದ ಮಾಕ್ಸ್ ಓಪಲ್ ನಿಷೇಧವಾಯಿತು ನಿಜ, ಆದರೆ ಅದು ಬೇರೆಯವರ ಪಾಪಕ್ಕೆ. 2024ರ ಡಿಸೆಂಬರಿನಲ್ಲಿ ಅದೂ ವಾಪಸು ಬಂತು.

"ಅಂದ್ರೆ ರೂಲ್ಸ್ ಪ್ರಕಾರ ಸರಿ. ಅದು ನಂಗೂ ಗೊತ್ತು" ಎಂದ ಅವನು. "ನ್ಯಾಯಾನಾ ಅಂತ ಕೇಳಿದ್ದು."

ಆಗ ನಾನು ದ್ರಾವಿಡರನ್ನು ಕರೆದೆ. ಬೆಂಗಳೂರಿನಲ್ಲಿ ಯಾವ ವಾದಕ್ಕಾದರೂ ಕೊನೆಗೆ ಕರೆಯಬಹುದಾದ ಸಾಕ್ಷಿ ಅವರು. 2008ರ ಜನವರಿ, ಸಿಡ್ನಿ ಟೆಸ್ಟ್. ರಾಹುಲ್ ದ್ರಾವಿಡ್ 18 ರನ್ನಿಗೆ ನಿಂತವರು 40 ಎಸೆತ ಅಲ್ಲಾಡಲಿಲ್ಲ. 19ನೆಯ ರನ್ ಬಂದಾಗ ಇಡೀ ಮೈದಾನ ಚಪ್ಪಾಳೆ ತಟ್ಟಿತು, ಅವರೂ ಬ್ಯಾಟೆತ್ತಿ ತೋರಿಸಿದರು. ನೋಡುವವರಿಗೆ ಬೇಸರ ಬಂದಿರಬಹುದು, ಬೌಲರುಗಳಿಗೆ ರೇಗಿಯೂ ಇರಬಹುದು. ಯಾರಾದರೂ ಅನ್ಯಾಯ ಎಂದರೇನೋ?

ಹುಡುಗ ಒಂದು ಕ್ಷಣ ಸುಮ್ಮನಿದ್ದ. ಗೆದ್ದೆ ಅಂದುಕೊಂಡೆ. "ದ್ರಾವಿಡ್ ತಾವು ಹೊಡೀಲಿಲ್ಲ, ಅಷ್ಟೇ. ಬೌಲರ್ ಕೈಯಿಂದ ಬಾಲ್ ಕಿತ್ಕೊಳ್ಳಲಿಲ್ಲ. ನೀವು ಕಿತ್ಕೊಳ್ತೀರಿ."

ಈ ಮಾತು ನನಗೆ ನಾಟಿತು. ಮನೆಗೆ ಬಂದ ಮೇಲೂ ತಲೆಯಲ್ಲೇ ಇತ್ತು. ಅವನ ತಕರಾರಿನಲ್ಲಿ ಬೇಸರದ ಮಾತೇ ಇಲ್ಲ. ಆಡುವ ಹಕ್ಕಿನ ಮಾತಿದೆ. ಆಟಕ್ಕೆ ಇಬ್ಬರು ಕೂತ ಮೇಲೆ ಇಬ್ಬರಿಗೂ ಆಡುವುದಕ್ಕೆ ಇರಬೇಕು, ಒಬ್ಬ ಇನ್ನೊಬ್ಬನ ಆಯ್ಕೆಗಳನ್ನೇ ಮುಗಿಸಿಬಿಟ್ಟರೆ ಉಳಿಯುವುದು ಆಟವಲ್ಲ ಎಂಬುದು ಅವನ ಅಭಿಪ್ರಾಯ. ಕೇಳಲು ಸರಿಯಾಗಿಯೇ ಇದೆ.

ಆದರೆ ಎಲೆಯಾಟ ಅನ್ನುವುದೇ ಎದುರಿನವನ ಆಯ್ಕೆ ಕಡಿಮೆ ಮಾಡುವ ಕೆಲಸವಲ್ಲವೇ? ರಮ್ಮಿಯಲ್ಲಿ ನಮ್ಮ ದೊಡ್ಡಮ್ಮ, ನಾನು ಎತ್ತಿದ್ದು ಇಳಿಸಿದ್ದನ್ನೆಲ್ಲ ಕಣ್ಣಲ್ಲೇ ಬರೆದಿಟ್ಟುಕೊಂಡು, ನನಗೆ ಬೇಕಾದ ಇಸ್ಪೀಟಿನ ಎಂಟನ್ನು ತನ್ನ ಕೈಯಲ್ಲಿ ಅದಕ್ಕೆ ಜೋಡಿಯಿಲ್ಲದಿದ್ದರೂ ಕೊನೆಯತನಕ ಹಿಡಿದು ಕೂರುತ್ತಿದ್ದಳು. ಆಕೆಗೆ ಲೆಕ್ಕ ಹೆಚ್ಚಾದರೂ ಸರಿ, ನಾನು ಮುಗಿಸಕೂಡದು. ಮ್ಯಾಜಿಕ್ಕಿನಲ್ಲೂ ಇದು ಲಾಂದ್ರದಿಂದ ಶುರುವಾದ ಪಾಪವಲ್ಲ. ಎದುರಾಳಿಯ ಮಂತ್ರವನ್ನು ಬಾಯಲ್ಲೇ ತಡೆಯುವ ಕೌಂಟರ್‌ಸ್ಪೆಲ್ 1993ರ ಮೊದಲ ಕಂತಿನಲ್ಲೇ ಇತ್ತು. ಅಡ್ಡ ತಿರುಗಿಸಿದ ಎಲೆಗಳನ್ನು ಇಬ್ಬರೂ ಮತ್ತೆ ನೆಟ್ಟಗೆ ಮಾಡಿಕೊಳ್ಳದಂತೆ ಕಟ್ಟಿಹಾಕುವ ಸ್ಟೇಸಿಸ್ ಕೂಡ ಅದೇ ಕಂತಿನದು. 1990ರ ದಶಕದ ನಡುವಿನಲ್ಲೇ ಬ್ರಯಾನ್ ವೈಸ್‌ಮನ್ ಎಂಬ ಆಟಗಾರ, ಎದುರಿನವರ ಎಲ್ಲವನ್ನೂ ಮೊದಲು ನಿಲ್ಲಿಸಿ, ನಿಂತ ಮೇಲೆ ಸಾವಕಾಶವಾಗಿ ಎರಡು ದೇವತೆಗಳನ್ನು ಕಳಿಸಿ ಗೆಲ್ಲುವ ಒಂದು ಡೆಕ್ ಕಟ್ಟಿದ. ಅದಕ್ಕೆ 'ದ ಡೆಕ್' ಎಂದೇ ಹೆಸರು. ಎಲ್ಲರೂ ಗೌರವದಿಂದ ನೆನೆಯುವ ಡೆಕ್ ಅದು. ಗೆಲ್ಲುವ ಹೊತ್ತಿಗೆ ದೇವತೆಗಳು ಬಂದದ್ದರಿಂದ ಅದಕ್ಕೆ ಮಾಫಿ, ನನಗೆ ದೇವತೆಗಳಿಲ್ಲ.

ಇನ್ನೊಂದು ವಿಷಯವನ್ನು ಅಳಿಯ ಗಮನಿಸುವುದಿಲ್ಲ. ಆಯ್ಕೆ ಮುಗಿದ ಮೇಲೂ ಅವನ ಹತ್ತಿರ ಒಂದು ಆಯ್ಕೆ ಇದ್ದೇ ಇರುತ್ತದೆ, 'ಸೋತೆ' ಅನ್ನುವುದು. ಯಾವ ಕ್ಷಣದಲ್ಲಾದರೂ ಹೇಳಬಹುದು, ಮುಂದಿನ ಆಟಕ್ಕೆ ಹೋಗಬಹುದು. ಅವನು ಹೇಳುವುದಿಲ್ಲ. ಮೇಲಿನ ಎಲೆ ಕಣ್ಣಿಗೆ ಕಾಣುತ್ತಿರುವುದರಿಂದ, ಅದರಡಿಯದು ಬೋಲ್ಟ್ ಇರಬಹುದು, ನಾನು ಯಂತ್ರ ತಿರುಗಿಸುವ ಲೆಕ್ಕದಲ್ಲಿ ತಪ್ಪಬಹುದು ಎಂದು ಕಾಯುತ್ತಾನೆ. ಸಿಡಿಲು ಬಡಿದು ಸತ್ತವನಿಗೆ ಇಷ್ಟು ಯೋಚಿಸಲು ಪುರುಸೊತ್ತಿರುವುದಿಲ್ಲ. ಅವನಿಗೆ ಸಿಟ್ಟು ಬರುವುದು ನಾನು ಆಟ ಕಿತ್ತುಕೊಂಡದ್ದಕ್ಕಿಂತ, ಆಸೆಯನ್ನು ಕಿತ್ತುಕೊಳ್ಳದೆ ಬಿಟ್ಟದ್ದಕ್ಕೆ.

ಹಾಗಂತ ಎಲ್ಲ ಡೆಕ್ಕೂ ನ್ಯಾಯವೇ ಎಂದು ನಾನು ಹೇಳಲಾರೆ. ನನಗೆ ಗೆರೆ ಕಾಣುವುದು ಗಡಿಯಾರದಲ್ಲಿ.

ಪಂದ್ಯಾವಳಿಯಲ್ಲಿ ಒಂದು ಸುತ್ತಿಗೆ 50 ನಿಮಿಷ. ಮೂರರಲ್ಲಿ ಎರಡು ಆಟ ಗೆದ್ದವರಿಗೆ ಜಯ. ಹೊತ್ತು ಮೀರಿದರೆ ಐದು ಸರದಿ ಹೆಚ್ಚಿಗೆ, ಆಮೇಲೂ ಮುಗಿಯದಿದ್ದರೆ ಡ್ರಾ. ಈ 50 ನಿಮಿಷ ಒಬ್ಬೊಬ್ಬರಿಗೆ ಹಂಚಿದ್ದಲ್ಲ, ಇಬ್ಬರಿಗೂ ಸೇರಿದ ಒಟ್ಟು ಆಸ್ತಿ. ಅಷ್ಟೇ ಅಲ್ಲ, ಕೊನೆಯ ಮೇಜು ಮುಗಿಯುವವರೆಗೆ ಇಡೀ ಸಭಾಂಗಣ ಕಾಯಬೇಕು. ಇಲ್ಲಿ ಕೈಯಿಟ್ಟವರನ್ನು ಆಟ ಕ್ಷಮಿಸಿಲ್ಲ. 1993ರ ಕೊನೆಯಲ್ಲಿ ಷಹರಜಾದ್ ಎಂಬ ಎಲೆ ಬಂತು. ಸಾವಿರದೊಂದು ರಾತ್ರಿ ಕಥೆ ಹೇಳಿ ಜೀವ ಉಳಿಸಿಕೊಂಡವಳ ಹೆಸರೇ. ಅದನ್ನು ಹಾಕಿದರೆ, ನಡೆಯುತ್ತಿರುವ ಆಟವನ್ನು ಅಲ್ಲಿಗೇ ಬಿಟ್ಟು, ಕಟ್ಟಿನಲ್ಲಿ ಉಳಿದ ಎಲೆಗಳಿಂದ ಇನ್ನೊಂದು ಆಟ ಶುರುಮಾಡಬೇಕು. ಒಳಾಟದಲ್ಲಿ ಸೋತವರಿಗೆ ಹೊರಾಟದಲ್ಲಿ ಅರ್ಧ ಪ್ರಾಣ ನಷ್ಟ. ಒಳಾಟದಲ್ಲಿ ಮತ್ತೊಂದು ಷಹರಜಾದ್ ಬಂದರೆ ಅದರೊಳಗೆ ಇನ್ನೊಂದು ಆಟ. ಕಲ್ಪನೆ ಎಂಥ ಸೊಗಸು! ಮೇಜು ಸಾಲದು, ಹೊತ್ತೂ ಸಾಲದು. 2007ರಿಂದ ಪಂದ್ಯಗಳಲ್ಲಿ ಅದಕ್ಕೆ ಪ್ರವೇಶವಿಲ್ಲ. ಇಷ್ಟು ಚೆಂದದ ಎಲೆಗೆ ಇಂಥ ಗತಿ ಬಂತಲ್ಲ ಎಂದು ಬೇಸರವಾಗುತ್ತದೆ, ಆದರೂ ತೀರ್ಪು ಸರಿ.

ಇನ್ನೂ ಹತ್ತಿರದ ಉದಾಹರಣೆ ಎಗ್ಸ್. 2012ರ ಅಕ್ಟೋಬರಿನಲ್ಲಿ ಸಿಯಾಟಲ್ ಪ್ರೊ ಟೂರನ್ನು ಜೆಕ್ ಆಟಗಾರ ಸ್ಟಾನಿಸ್ಲಾವ್ ಸಿಫ್ಕಾ ಗೆದ್ದದ್ದು ಈ ಡೆಕ್ಕಿನಿಂದ. ಪುಟ್ಟಪುಟ್ಟ ವಸ್ತುಗಳನ್ನು ಒಡೆದು ಎಲೆ ಎತ್ತುವುದು, ಸೆಕೆಂಡ್ ಸನ್‌ರೈಸ್ ಹಾಕಿ ಒಡೆದದ್ದನ್ನೆಲ್ಲ ಮರಳಿ ತರುವುದು, ಮತ್ತೆ ಒಡೆಯುವುದು, ಮತ್ತೆ ತರುವುದು. ಒಬ್ಬನೇ ಕೂತು ಇಸ್ಪೀಟು ಜೋಡಿಸುವ ಹಾಗೆ. ಒಂದೇ ಸರದಿ ಎಷ್ಟೋ ನಿಮಿಷ ಎಳೆಯುತ್ತಿತ್ತು. ಎದುರಿನವನು 'ಸೋತೆ' ಎಂದು ಏಳುವಂತೆಯೂ ಇರಲಿಲ್ಲ, ಏಕೆಂದರೆ ಸರಪಳಿ ನಡುವೆ ಎಲ್ಲಾದರೂ ತುಂಡಾಗುವ ಸಾಧ್ಯತೆ ನಿಜವಾಗಿಯೂ ಇರುತ್ತಿತ್ತು. ಹಾಗಾಗಿ ಕೈಕಟ್ಟಿ ನೋಡುತ್ತ ಕೂರಬೇಕು. ಸುತ್ತುಗಳು ಹೊತ್ತು ಮೀರಿದವು. 2013ರ ಮೇ ತಿಂಗಳಿಂದ ಸೆಕೆಂಡ್ ಸನ್‌ರೈಸ್ ಮಾಡರ್ನಿನಲ್ಲಿ ನಿಷಿದ್ಧವಾಯಿತು. ಅದು ಎಲ್ಲರನ್ನೂ ಸೋಲಿಸುತ್ತಿತ್ತು ಎಂದಲ್ಲ, ಎಲ್ಲರ ಹೊತ್ತನ್ನು ತಿನ್ನುತ್ತಿತ್ತು ಎಂದು. ಹಾಗೆಯೇ 2019ರಲ್ಲಿ ಕಂಪ್ಯೂಟರಿನ ಅರೀನಾ ಆಟದಲ್ಲಿ ನೆಕ್ಸಸ್ ಆಫ್ ಫೇಟ್ ಎಂಬ ಎಲೆಯಿಂದ ಸರದಿಯ ಮೇಲೆ ಸರದಿ ತೆಗೆದುಕೊಂಡು, ಗೆಲ್ಲುವ ದಾರಿಯೇ ಇಲ್ಲದೆಯೂ ಆಟ ಮುಗಿಸದೆ ಕೂರುವವರು ಹುಟ್ಟಿದರು. ಒಂದೇ ಆಟದ ಪಂದ್ಯಗಳಿಂದ ಆ ಎಲೆಯನ್ನು ತೆಗೆದುಹಾಕಿದರು. ತೆಗೆದದ್ದು ಸರಿ. ಗೆಲ್ಲಲು ಬಾರದವನು ಎದುರಿನವನು ಬೇಸತ್ತು ಏಳಲಿ ಎಂದು ಕಾಯುವುದಕ್ಕೆ ಆಟದ ಮರ್ಯಾದೆಯಿಲ್ಲ.

ಈ ಕಾರಣಕ್ಕೇ ನಾನು ಬೇಗ ಆಡುತ್ತೇನೆ. ಲಾಂದ್ರದವನಿಗೆ ಡ್ರಾ ಅಂದರೆ ಅರ್ಧ ಸೋಲು. ಎದುರಿನವನ ಅರವತ್ತು ಎಲೆ ಸವೆಯಬೇಕು, ಅದೂ ಎರಡು ಸಲ, 50 ನಿಮಿಷದೊಳಗೆ. ಎದುರಿನ ಡೆಕ್ಕಿನಲ್ಲಿ ಯಾವ ಎಲೆ ನನ್ನನ್ನು ಕೊಲ್ಲುತ್ತದೆ, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂದು ಮೊದಲೇ ಬಾಯಿಪಾಠ ಮಾಡಿಕೊಂಡು ಹೋಗಿರಬೇಕು. ಬರ್ನ್ ಆಡುವವನು ತನ್ನ ಡೆಕ್ ಕಲಿತರೆ ಸಾಕು, ನಾನು ಎಲ್ಲರ ಡೆಕ್ಕನ್ನೂ ಕಲಿಯಬೇಕು. ಇಷ್ಟು ಓದನ್ನು ಬಿ.ಎಸ್ಸಿ.ಗೆ ಮಾಡಿದ್ದರೆ ಫಸ್ಟ್ ಕ್ಲಾಸ್ ಬರುತ್ತಿತ್ತು.

ನಿಜವಾದ ಅನ್ಯಾಯ ಬೇಕೆಂದರೆ ಬೆಲೆ ನೋಡಿ. ಆಟ ಹುಟ್ಟಿದಾಗ ಒಂದೇ ಎಲೆ ನಾಲ್ಕೇ ಇರಬೇಕೆಂಬ ಮಿತಿ ಇರಲಿಲ್ಲ. ಕೊಳ್ಳುವ ಶಕ್ತಿ ಇದ್ದವನು ಬ್ಲ್ಯಾಕ್ ಲೋಟಸ್ಸನ್ನು ಎಷ್ಟು ಬೇಕಾದರೂ ತುಂಬಿಕೊಳ್ಳಬಹುದಿತ್ತು. ಮಿತಿ ಬಂದದ್ದು ಆಮೇಲೆ. ಈಗಲೂ ಶ್ರೆಡ್ಡರ್, ಗಂಟೆಗಳಂಥವು ಅಗ್ಗ, ಮಾಕ್ಸ್ ಓಪಲ್ ದುಬಾರಿ; ಅಮೆರಿಕದಿಂದ ತರಿಸಿದರೆ ಸುಂಕ ಬೇರೆ. ಒಬ್ಬನ ಡೆಕ್ ಇನ್ನೊಬ್ಬನ ತಿಂಗಳ ಬಾಡಿಗೆಯಷ್ಟಿದ್ದಾಗ ಅಂಗಡಿಯಲ್ಲಿ ಯಾರೂ ನ್ಯಾಯದ ಮಾತೆತ್ತುವುದಿಲ್ಲ. ಹೊಟ್ಟೆಕಿಚ್ಚಿನಿಂದ ಮೆಚ್ಚುತ್ತಾರೆ.

ಮನೆಯ ವಿಷಯ ಬೇರೆ. ದೀಪಾವಳಿಗೆ ಅಕ್ಕನ ಮನೆಯಲ್ಲಿ ಎಲ್ಲ ಸೇರಿದಾಗ, ಊಟವಾಗಿ ಮಕ್ಕಳೆಲ್ಲ ಸುತ್ತ ಕೂತಾಗ, ನಾನು ಲಾಂದ್ರ ತೆಗೆಯುವುದಿಲ್ಲ. ಅಲ್ಲಿ ಬಹುಮಾನವಿಲ್ಲ, ಅಂಕವಿಲ್ಲ; ಜನ ಕೂತಿರುವುದು ಒಟ್ಟಿಗೆ ಇರಲು, ಎಲೆಗಳು ಅದಕ್ಕೆ ನೆಪ. ಹತ್ತು ವರ್ಷದ ಹುಡುಗಿ ಮೊದಲ ಸಲ ಡ್ರ್ಯಾಗನ್ ಇಳಿಸುವಾಗ ಅದನ್ನು ಮಸಣಕ್ಕೆ ಕಳಿಸುವ ಮಾಮ ನಾನಾಗಲಾರೆ. ಆದರೆ ಅಲ್ಲಿ ಲಾಂದ್ರ ತೆಗೆದರೂ ಅದು ಅನ್ಯಾಯವಲ್ಲ, ಒರಟುತನ. ಪ್ರವೇಶ ಶುಲ್ಕ ಕೊಟ್ಟು, ಡೆಕ್ಕಿನ ಪಟ್ಟಿ ಬರೆದುಕೊಟ್ಟು, ಗೆಲ್ಲಲೆಂದೇ ಬಂದು ಕೂತವನಿಗೆ ನಾನು ನಿಯಮ ಪಾಲಿಸುವ ಋಣದಲ್ಲಿದ್ದೇನೆ, ಬೇಗ ಆಡುವ ಋಣದಲ್ಲಿದ್ದೇನೆ. ಅವನನ್ನು ರಂಜಿಸುವ ಋಣ ನನ್ನ ಮೇಲಿಲ್ಲ. ಅಳಿಯ ಈ ಎರಡು ಜಾಗಗಳನ್ನು ಕಲಸುತ್ತಾನೆ ಎಂಬುದು ನನ್ನ ದೂರು. ಎರಡೂ ಕಡೆ ಎದುರಿಗೆ ಕೂತವನು ಮಾಮನೇ ಆದ್ದರಿಂದ ಅವನನ್ನೂ ದೂರುವಂತಿಲ್ಲ.

ಕೊನೆಯದಾಗಿ, ಮದ್ದು ಇಲ್ಲದ ಕಾಯಿಲೆಯೇನೂ ಇದಲ್ಲ. 2011ರಲ್ಲಿ ಅಚ್ಚಾದ ಸ್ಟೋನಿ ಸೈಲೆನ್ಸ್ ಎಂಬ ಬಿಳಿ ಎಲೆ ಮೇಜಿಗೆ ಬಂದರೆ ನನ್ನ ಯಂತ್ರಗಳೆಲ್ಲ ಕಲ್ಲಾಗುತ್ತವೆ. ಅದರಲ್ಲೂ ಒಂದು ಕ್ರೌರ್ಯವಿದೆ: ಲಾಂದ್ರ ಮಾತ್ರ ಉರಿಯುತ್ತಲೇ ಇರುತ್ತದೆ. ನಿಮ್ಮ ಬೋಲ್ಟ್ ಬರುವುದು ನನಗೆ ಕಾಣುತ್ತದೆ, ತಡೆಯಲಾಗುವುದಿಲ್ಲ. ಲೇಲೈನ್ ಆಫ್ ಸ್ಯಾಂಕ್ಟಿಟಿ ಇದ್ದರೆ ಶ್ರೆಡ್ಡರ್ ನಿಮ್ಮನ್ನು ಗುರಿಯಿಡುವಂತೆಯೇ ಇಲ್ಲ. ಮೊದಲ ಆಟದ ನಂತರ ಬದಲಿಸಿಕೊಳ್ಳಲು ಪ್ರತಿಯೊಬ್ಬರಿಗೂ 15 ಎಲೆಗಳ ಸೈಡ್‌ಬೋರ್ಡ್ ಇರುತ್ತದೆ. ಅದರಲ್ಲಿ ಎರಡೋ ಮೂರೋ ಜಾಗ ನನ್ನಂಥವರಿಗೆ ಮೀಸಲಿಟ್ಟರೆ ನನ್ನ ಕಥೆ ಮುಗಿಯಿತು. ಯಾರೂ ಇಡುವುದಿಲ್ಲ. ಏಕೆಂದರೆ ಲಾಂದ್ರ ಆಡುವವರು ತೀರ ಕಡಿಮೆ, ಅಪರೂಪದ ರೋಗಕ್ಕೆ ಮನೆಯಲ್ಲಿ ಔಷಧಿ ಇಡುವವರು ಯಾರು? ಜನ ಮೆಚ್ಚದಿರುವುದರಿಂದ ಜನ ಆಡುವುದಿಲ್ಲ, ಆಡದಿರುವುದರಿಂದ ಯಾರೂ ಸಿದ್ಧರಾಗಿ ಬರುವುದಿಲ್ಲ, ಸಿದ್ಧರಾಗದ್ದರಿಂದ ನಾನು ಗೆಲ್ಲುತ್ತೇನೆ, ಗೆದ್ದದ್ದರಿಂದ ಜನ ಮೆಚ್ಚುವುದಿಲ್ಲ. ನಾಳೆ ಅಂಗಡಿಯಲ್ಲಿ ಹತ್ತು ಜನ ಲಾಂದ್ರ ಹಿಡಿದರೆ, ಅದರ ಮುಂದಿನ ವಾರದಿಂದ ನಾವು ಹತ್ತೂ ಜನ ಸೋಲುತ್ತೇವೆ.

ಇದನ್ನು ಅಳಿಯನಿಗೆ ಬಿಡಿಸಿ ಹೇಳಿದೆ. ಅವನ ಡೆಕ್ಕಿನಲ್ಲಿ ಬಿಳಿಯೂ ಇದೆ, ಸ್ಟೋನಿ ಸೈಲೆನ್ಸ್ ಹಾಕಿಕೊಳ್ಳಲು ಅಡ್ಡಿಯಿಲ್ಲ. ಬೇಕಾದರೆ ನನ್ನ ಡಬ್ಬಿಯಲ್ಲೇ ಎರಡು ಬಿದ್ದಿವೆ, ಕೊಡುತ್ತೇನೆ ಎಂದೆ.

"ಬೇಡ ಮಾಮ. ಅಂಗಡೀಲಿ ನಿಮ್ಮಂಥವರು ನೀವೊಬ್ಬರೇ. ಒಬ್ಬರಿಗೋಸ್ಕರ ಎರಡು ಜಾಗ ಯಾಕೆ ವೇಸ್ಟ್ ಮಾಡ್ಲಿ?"

ಲೆಕ್ಕ ಸರಿಯಾಗಿಯೇ ಇತ್ತು. ಹಾಗಾದರೆ ಸೋತಾಗ ಬೈಯಬಾರದು ಕಣೋ ಎಂದೆ.

"ಬೈಯೋಕೆ ಸೈಡ್‌ಬೋರ್ಡಲ್ಲಿ ಜಾಗ ಬೇಕಾಗಲ್ಲ" ಎಂದು ಅವನು ಕಟ್ಟು ಕಲಸಿ ನನ್ನ ಮುಂದೆ ಇಟ್ಟ.